ಹಳೆಯ ಆಟದ ಕಂಪ್ಯೂಟರಿನಲ್ಲಿ ಡಿಸ್ಕಿನ ಲೆಕ್ಕ

ಪೆಂಟಿಯಂ 3 ಪ್ರೊಸೆಸರ್, ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ ಇರುವ ಮದರ್‌ಬೋರ್ಡ್, 256 ಎಂಬಿ ರ್‍ಯಾಮ್, ವೂಡೂ 3 ಗ್ರಾಫಿಕ್ಸ್ ಕಾರ್ಡ್, ಐಎಸ್‌ಎ ಸ್ಲಾಟಿನಲ್ಲಿ ಕೂರುವ ಸೌಂಡ್ ಬ್ಲಾಸ್ಟರ್: ಡಾಸ್ (ಆಜ್ಞೆ ಟೈಪ್ ಮಾಡಿ ನಡೆಸುವ, ವಿಂಡೋಸಿಗಿಂತ ಹಿಂದಿನ ವ್ಯವಸ್ಥೆ) ಮತ್ತು ವಿಂಡೋಸ್ 98ರ ಕಾಲದ ಆಟಗಳಿಗಾಗಿ ನಾನು ಮನೆಯಲ್ಲಿ ಜೋಡಿಸಿಕೊಂಡ ಕಂಪ್ಯೂಟರಿನ ಮುಖ್ಯ ಭಾಗಗಳು ಇಷ್ಟು. ಕೆಲವು ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕವು, ಕೆಲವು ಪರಿಚಯದವರ ಕಚೇರಿಗಳು ವಿಲೇವಾರಿ ಮಾಡಿದ ಯಂತ್ರಗಳಿಂದ ಬಂದವು. ಭಾಗಗಳನ್ನು ಹುಡುಕಿ ಜೋಡಿಸುವುದಕ್ಕಿಂತ, ಜೋಡಿಸಿದ ಮೇಲೆ ಅದನ್ನು ನೆಚ್ಚುವಂತೆ ಮಾಡುವುದೇ ದೊಡ್ಡ ಕೆಲಸ. ವಿಂಡೋಸ್ ತನ್ನ ಚಿಹ್ನೆಯ ಪರದೆಯಲ್ಲೇ ನಿಂತುಬಿಡುತ್ತದೆ, ನಿನ್ನೆ ಓಡಿದ ಆಟ ಇಂದು ತೆರೆದುಕೊಳ್ಳುವುದಿಲ್ಲ, ಇನ್‌ಸ್ಟಾಲ್ ಆಗುತ್ತಿರುವಾಗಲೇ ಕಡತ ಕೆಟ್ಟಿದೆ ಎಂಬ ಸಂದೇಶ ಬರುತ್ತದೆ. ಆಗ ಮೊದಲ ಅನುಮಾನ ಆಟದ ಮೇಲೋ ಡ್ರೈವರಿನ ಮೇಲೋ ಹೋಗುವುದು ಸಹಜ. ಆದರೆ ನಾನು ಕಂಡಂತೆ ಈ ತೊಂದರೆಗಳಲ್ಲಿ ಹೆಚ್ಚಿನವುಗಳ ಬೇರು ಡಿಸ್ಕಿನಲ್ಲಿದೆ. ಒಂದೇ ಡಿಸ್ಕಿನ ಬಗ್ಗೆ ಬಯೋಸ್ (ಯಂತ್ರ ಚಾಲೂ ಆದೊಡನೆ ಮೊದಲು ಓಡುವ, ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ತಂತ್ರಾಂಶ) ಒಂದು ಲೆಕ್ಕ, ಡಿಸ್ಕಿನ ಭಾಗಗಳನ್ನು ಬರೆದಿಟ್ಟ ಪಾರ್ಟಿಷನ್ ಪಟ್ಟಿ ಇನ್ನೊಂದು ಲೆಕ್ಕ, ವಿಂಡೋಸಿನ ಡ್ರೈವರ್ ಮತ್ತೊಂದು ಲೆಕ್ಕ ಇಟ್ಟುಕೊಂಡಿರುತ್ತವೆ. ಅವು ಹೊಂದದೆ ಇರುವ ಜಾಗದಲ್ಲಿ ತಂತ್ರಾಂಶ ಕುಸಿಯುತ್ತದೆ. ಆದ್ದರಿಂದ ದೋಷ ಹುಡುಕುವ ಕೆಲಸ ಕೆಳಗಿನ ಪದರದಿಂದ ಮೇಲಕ್ಕೆ ಸಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಆಟಗಳಲ್ಲಿ ಬಹುಪಾಲು ಹಳೆಯ ಯಂತ್ರವನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸುವ ಡಾಸ್‌ಬಾಕ್ಸ್‌ನಂತಹ ಎಮ್ಯುಲೇಟರಿನಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಸುಮ್ಮನೆ ಆಡಿ ನೋಡಬೇಕು ಎನ್ನುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ವೂಡೂ ಕಾರ್ಡಿಗಾಗಿಯೇ ಬರೆದ ಗ್ಲೈಡ್ ಆಟಗಳನ್ನು ಆ ಕಾರ್ಡಿನಲ್ಲೇ, ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರಿನ ಮೇಲೆ ನೋಡುವ ಆಸೆ ಇದ್ದವರಿಗೆ ಮಾತ್ರ ಈ ದಾರಿ.

ಆ ಕಾಲದ ಹಾರ್ಡ್ ಡಿಸ್ಕುಗಳನ್ನು ಇಂದು ನಂಬುವಂತಿಲ್ಲ. ಇಪ್ಪತ್ತೈದು ವರ್ಷ ದಾಟಿದ ಬೇರಿಂಗುಗಳು ಕಿರುಗುಟ್ಟುತ್ತವೆ, ಕೆಟ್ಟ ಸೆಕ್ಟರುಗಳು (ಡಿಸ್ಕಿನ ಚಿಕ್ಕ ತುಂಡುಗಳು) ದಿನೇದಿನೇ ಹೆಚ್ಚುತ್ತವೆ. ಹಾಗಾಗಿ ನನ್ನಂತಹವರು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ ಮೊರೆ ಹೋಗುತ್ತೇವೆ. ಸ್ಯಾನ್‌ಡಿಸ್ಕ್ 1994ರಲ್ಲಿ ಪರಿಚಯಿಸಿದ ಈ ಕಾರ್ಡು, ಟ್ರೂ ಐಡಿಇ ಎಂಬ ವಿಧಾನದಲ್ಲಿ, ಹಾರ್ಡ್ ಡಿಸ್ಕಿನ ಭಾಷೆಯನ್ನೇ ಆಡುತ್ತದೆ. ಅದನ್ನು ಹಾರ್ಡ್ ಡಿಸ್ಕಿನ 40 ಪಿನ್ನಿನ ಐಡಿಇ ಕೇಬಲ್ಲಿಗೆ ಸೇರಿಸುವ ಅಡಾಪ್ಟರಿನಲ್ಲಿ ಬುದ್ಧಿವಂತ ಚಿಪ್ ಏನೂ ಇರಬೇಕಾಗಿಲ್ಲ, ತಾಮ್ರದ ಗೆರೆಗಳಿದ್ದರೆ ಸಾಕು. ಸದ್ದಿಲ್ಲ, ಬಿಸಿಯಿಲ್ಲ, ಬೇಕೆಂದಾಗ ಕಳಚಿ ಲ್ಯಾಪ್‌ಟಾಪಿಗೆ ಹಾಕಬಹುದು. ಆದರೆ ಈ ಅನುಕೂಲಗಳ ಜೊತೆಗೆ ಹಾರ್ಡ್ ಡಿಸ್ಕಿನ ಕಾಲದ ಎಲ್ಲ ಕಟ್ಟುಪಾಡುಗಳೂ ಬರುತ್ತವೆ.

ಮೊದಲನೆಯದು ಸಿಲಿಂಡರ್, ಹೆಡ್, ಸೆಕ್ಟರುಗಳ ಲೆಕ್ಕ. ಹಳೆಯ ಡಿಸ್ಕಿನಲ್ಲಿ ಒಂದು ಸೆಕ್ಟರನ್ನು ಗುರುತಿಸಲು ಎಷ್ಟನೆಯ ವೃತ್ತ (ಸಿಲಿಂಡರ್), ಯಾವ ಓದುವ ತಲೆ (ಹೆಡ್), ಆ ವೃತ್ತದಲ್ಲಿ ಎಷ್ಟನೆಯ ತುಂಡು (ಸೆಕ್ಟರ್) ಎಂಬ ಮೂರು ಸಂಖ್ಯೆಗಳು ಬೇಕಿದ್ದವು. ಐಡಿಇ ಗುಣಮಟ್ಟವು 65,536 ಸಿಲಿಂಡರ್, 16 ಹೆಡ್, 255 ಸೆಕ್ಟರುಗಳವರೆಗೆ ಅವಕಾಶ ಕೊಟ್ಟಿತ್ತು. ಪಿಸಿಯ ಬಯೋಸ್ 1024 ಸಿಲಿಂಡರ್, 256 ಹೆಡ್, 63 ಸೆಕ್ಟರುಗಳವರೆಗೆ ಕೊಟ್ಟಿತ್ತು. ಎರಡೂ ಒಪ್ಪುವ ಸಂಖ್ಯೆಗಳನ್ನಷ್ಟೇ ಆರಿಸಿದರೆ ಉಳಿಯುವುದು 1024, 16 ಮತ್ತು 63. ಇವನ್ನು ಗುಣಿಸಿ, ಸೆಕ್ಟರಿಗೆ 512 ಬೈಟ್ ಹಿಡಿದರೆ 52 ಕೋಟಿ 84 ಲಕ್ಷ ಬೈಟುಗಳಷ್ಟಾಗುತ್ತದೆ. 486 ಯಂತ್ರಗಳಲ್ಲಿ ಎದುರಾಗುವ 504 ಎಂಬಿ ಮಿತಿ ಹುಟ್ಟಿದ್ದು ಹೀಗೆ. ಯಾರೂ ಬೇಕೆಂದು ಇಟ್ಟ ಮಿತಿ ಅದಲ್ಲ. ಬೇರೆ ಬೇರೆಯಾಗಿ ರೂಪುಗೊಂಡ ಎರಡು ನಿಯಮಗಳು ಒಂದೆಡೆ ಸೇರಿದಾಗ ಉಳಿದ ಕಿರಿದಾದ ದಾರಿ. ಬಳಿಕ ಬಯೋಸ್ ತಯಾರಕರು ಹೆಡ್ಡುಗಳ ಸಂಖ್ಯೆಯನ್ನು ಹಿಗ್ಗಿಸಿ, ಸಿಲಿಂಡರುಗಳ ಸಂಖ್ಯೆಯನ್ನು ಕುಗ್ಗಿಸಿ, ಒಂದನ್ನು ಇನ್ನೊಂದಕ್ಕೆ ಅನುವಾದಿಸುವ ಉಪಾಯ ಕಂಡುಕೊಂಡರು. ಡಾಸ್ 256 ಹೆಡ್ಡುಗಳನ್ನು ಸಹಿಸದ ಕಾರಣ 255ಕ್ಕೇ ನಿಲ್ಲಿಸಿದರು. ಅದರಿಂದ ಮಿತಿ 8.4 ಜಿಬಿಗೆ ಏರಿತು. ಆಮೇಲೆ ಕೆಲವು ಬಯೋಸ್‌ಗಳಲ್ಲಿ 65,535 ಸಿಲಿಂಡರುಗಳಾಚೆ ಎಣಿಸಲಾಗದೆ 33.8 ಜಿಬಿಯ ಗೋಡೆ ಎದ್ದಿತು. ಅದರಾಚೆ 28 ಬಿಟ್ ವಿಳಾಸದ 137 ಜಿಬಿ ಗೋಡೆ ಇದೆ.

ನನ್ನ ಬೋರ್ಡಿಗೆ 64 ಜಿಬಿ ಕಾರ್ಡು ಹಾಕಿದಾಗ ಬಯೋಸ್ ಡಿಸ್ಕನ್ನು ಗುರುತಿಸುವ ಸಾಲಿನಲ್ಲೇ ನಿಂತಿತು, ಕೀಬೋರ್ಡಿಗೂ ಓಗೊಡಲಿಲ್ಲ. 32 ಜಿಬಿ ಕಾರ್ಡು ಹಾಕಿದರೆ ತೊಂದರೆಯಿಲ್ಲದೆ ಮುಂದೆ ಸಾಗಿತು. ಕಾರ್ಡೂ ಕೇಬಲ್ಲೂ ಸರಿಯಾಗಿದ್ದರೂ ಹೀಗಾಗುವುದು ಆ 33.8 ಜಿಬಿ ಗೋಡೆಯ ಸ್ಪಷ್ಟ ಲಕ್ಷಣ. ಬಯೋಸ್ ಅಪ್‌ಡೇಟ್ ಸಿಕ್ಕರೆ ಹಾಕಬಹುದು. ಸಿಗದಿದ್ದರೆ ಎಕ್ಸ್‌ಟಿ-ಐಡಿಇ ಯುನಿವರ್ಸಲ್ ಬಯೋಸ್ ಎಂಬ ಮುಕ್ತ ತಂತ್ರಾಂಶವನ್ನು ಒಂದು ಚಿಪ್ಪಿಗೆ ಬರೆದು, ಹಳೆಯ ನೆಟ್‌ವರ್ಕ್ ಕಾರ್ಡಿನ ಬೂಟ್ ರಾಮ್ ಸಾಕೆಟ್ಟಿನಲ್ಲಿ ಕೂರಿಸುವ ಸೊಗಸಾದ ಉಪಾಯವಿದೆ. 386, 486 ಯಂತ್ರಗಳಿಗೆ ಅದಕ್ಕಿಂತ ಒಳ್ಳೆಯ ಪರಿಹಾರ ನನಗೆ ಗೊತ್ತಿಲ್ಲ. ಡಾಸ್ ಆಟಗಳು ಚಿಕ್ಕವಾದ್ದರಿಂದ 32 ಜಿಬಿಯೇ ಧಾರಾಳ. ಗೋಡೆ ಹತ್ತುವ ಅಗತ್ಯವೇ ನನಗೆ ಕಾಣಲಿಲ್ಲ.

ಇನ್ನು ನನಗೆ ಅತಿ ಹೆಚ್ಚು ಪಾಠ ಕಲಿಸಿದ ತೊಂದರೆ. ಕಾರ್ಡನ್ನು ಲ್ಯಾಪ್‌ಟಾಪಿನ ಯುಎಸ್‌ಬಿ ರೀಡರಿಗೆ ಹಾಕಿ ಫಾರ್ಮ್ಯಾಟ್ ಮಾಡಿ, ಕಡತಗಳನ್ನೆಲ್ಲ ತುಂಬಿ, ಹಳೆಯ ಯಂತ್ರಕ್ಕೆ ಸೇರಿಸಿದರೆ ಕಪ್ಪು ಪರದೆಯ ಮೂಲೆಯಲ್ಲಿ ಕರ್ಸರ್ ಮಿನುಗುತ್ತದೆ, ಅಷ್ಟೇ. ಫ್ಲಾಪಿಯಿಂದ ಬೂಟ್ ಮಾಡಿ ನೋಡಿದರೆ ಕೆಲವೊಮ್ಮೆ ಕಡತಗಳೆಲ್ಲ ಕಾಣುತ್ತವೆ, ಕೆಲವೊಮ್ಮೆ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಇಲ್ಲಿ ಎರಡು ಬೇರೆ ಕಾರಣಗಳಿವೆ. ಅವನ್ನು ಬೇರ್ಪಡಿಸಿ ನೋಡುವುದು ಮುಖ್ಯ. ಒಂದು, ಕ್ಯಾಮೆರಾಗಳಿಗೆಂದು ತಯಾರಾದ ಕಾರ್ಡಿನ ಮೊದಲ ಸೆಕ್ಟರಿನಲ್ಲಿ ಬೂಟ್ ಮಾಡಿಸುವ ಸಂಕೇತವೇ ಇಲ್ಲದಿರಬಹುದು. ಇನ್ನೊಂದು, ಪಾರ್ಟಿಷನ್ನಿನ ಬೂಟ್ ಸೆಕ್ಟರಿನಲ್ಲಿ ಬರೆದಿರುವ ಹೆಡ್ಡುಗಳ ಸಂಖ್ಯೆಗೂ, ಹಳೆಯ ಬಯೋಸ್ ಅದೇ ಕಾರ್ಡಿಗೆ ಊಹಿಸಿಕೊಂಡ ಹೆಡ್ಡುಗಳ ಸಂಖ್ಯೆಗೂ ಹೊಂದಾಣಿಕೆ ಇಲ್ಲದಿರಬಹುದು. ಬೆಂಗಳೂರಿನ ಬಡಾವಣೆಗಳಲ್ಲಿ ಒಂದೇ ಮನೆಗೆ ಹಳೆಯ ನಂಬರೂ ಹೊಸ ನಂಬರೂ ಇರುವಾಗ, ಹಳೆಯ ಪಟ್ಟಿ ಹಿಡಿದು ಹೊರಟವನು ಹೊಸ ನಂಬರಿನ ಬಾಗಿಲು ತಟ್ಟುವ ಹಾಗೆ, ಡಾಸ್ ತನಗೆ ಬೇಕಾದ ಕಡತವನ್ನು ಬೇರೊಂದು ಸೆಕ್ಟರಿನಲ್ಲಿ ಹುಡುಕುತ್ತದೆ. ಫ್ಲ್ಯಾಶ್ ಕಾರ್ಡಿನೊಳಗೆ ಸಿಲಿಂಡರೂ ಇಲ್ಲ, ಹೆಡ್ಡೂ ಇಲ್ಲ. ಎಲ್ಲವೂ ಕಾಗದದ ಮೇಲಿನ ಸಂಖ್ಯೆಗಳು. ಆದರೂ ಎಲ್ಲರೂ ಒಂದೇ ಸಂಖ್ಯೆಯನ್ನು ಒಪ್ಪಲೇಬೇಕು.

ಪರಿಹಾರ ಸರಳ: ಯಾವ ಯಂತ್ರದಲ್ಲಿ ಕಾರ್ಡು ಇರುತ್ತದೆಯೋ ಆ ಯಂತ್ರದಲ್ಲೇ ಪಾರ್ಟಿಷನ್ ಮಾಡಬೇಕು. ಮೊದಲು ಲ್ಯಾಪ್‌ಟಾಪಿನಲ್ಲಿ ಕಾರ್ಡಿನ ಆರಂಭದ ಸೆಕ್ಟರುಗಳಿಗೆ ಸೊನ್ನೆ ಬರೆದು ಹಿಂದಿನ ಗುರುತುಗಳನ್ನು ಅಳಿಸುತ್ತೇನೆ. ಬಯೋಸಿನಲ್ಲಿ ಡಿಸ್ಕಿನ ವಿಧಾನವನ್ನು ಎಲ್‌ಬಿಎ (ಸೆಕ್ಟರುಗಳನ್ನು ಸಾಲಾಗಿ ಎಣಿಸುವ ವಿಧಾನ) ಎಂದು ಸ್ಪಷ್ಟವಾಗಿ ಆರಿಸುತ್ತೇನೆ. ‘ಆಟೋ’ ಎಂದು ಬಿಡುವುದು ನನಗೆ ಹಿಡಿಸುವುದಿಲ್ಲ. ವಿಂಡೋಸ್ 98ರ ಬೂಟ್ ಫ್ಲಾಪಿಯಿಂದ ಪಾರ್ಟಿಷನ್ ಮಾಡುವ ಎಫ್‌ಡಿಸ್ಕ್ ನಡೆಸಿ, 2 ಜಿಬಿಯ ಒಂದು ಫ್ಯಾಟ್16 (ಡಾಸಿನ ಫೈಲ್ ಸಿಸ್ಟಮ್) ಪಾರ್ಟಿಷನ್ನನ್ನು ಡಾಸ್ ಆಟಗಳಿಗೂ, ಉಳಿದದ್ದನ್ನು ಫ್ಯಾಟ್32 ಆಗಿ ವಿಂಡೋಸಿಗೂ ಬಿಡುತ್ತೇನೆ. ರೀಬೂಟ್ ಆದ ಮೇಲೆ ‘ಫಾರ್ಮ್ಯಾಟ್ ಸಿ: /ಎಸ್’, ಕೊನೆಗೆ ‘ಎಫ್‌ಡಿಸ್ಕ್ /ಎಂಬಿಆರ್’. ಈ ಕೊನೆಯ ಆಜ್ಞೆ ಬೂಟ್ ಸಂಕೇತವನ್ನು ಬರೆದು ಪಾರ್ಟಿಷನ್ ಪಟ್ಟಿಯನ್ನು ಹಾಗೆಯೇ ಬಿಡುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ನಿಜ. ಆದರೆ ಮೊದಲ ಸೆಕ್ಟರಿನ ಕೊನೆಯ ಎರಡು ಬೈಟುಗಳ ಸಹಿ ಅಳಿಸಿಹೋಗಿದ್ದರೆ ಪಟ್ಟಿಯೂ ಅಳಿಯುತ್ತದೆ. ಬಯೋಸಿನ ಮಿತಿ ದಾಟಿಸುವ ಡಿಸ್ಕ್ ಮ್ಯಾನೇಜರಿನಂತಹ ಓವರ್‌ಲೇ ತಂತ್ರಾಂಶ ಕೂತಿದ್ದರೆ ಅದೂ ಹೋಗುತ್ತದೆ. ಹಾಗಾಗಿ ತುಂಬಿದ ಡಿಸ್ಕಿನ ಮೇಲೆ ಅದನ್ನು ಯೋಚಿಸದೆ ಬಳಸಬಾರದು. ಒಮ್ಮೆ ಹೀಗೆ ಸಿದ್ಧವಾದ ಕಾರ್ಡಿಗೆ ಲ್ಯಾಪ್‌ಟಾಪಿನಿಂದ ಕಡತಗಳನ್ನು ತುಂಬಲು ಯಾವ ಅಡ್ಡಿಯೂ ಇಲ್ಲ.

ಇದಕ್ಕೆ ಸೇರಿದ ಇನ್ನೊಂದು ಸಂಗತಿ ಮದರ್‌ಬೋರ್ಡಿನ ಸಿಆರ್2032 ಸೆಲ್. ಅದು ಸತ್ತರೆ ಬಯೋಸಿನ ಸೆಟ್ಟಿಂಗುಗಳು ಮರೆತುಹೋಗುತ್ತವೆ, ಎಲ್‌ಬಿಎ ವಿಧಾನ ಬದಲಾಗಬಹುದು, ಆಗ ಸರಿಯಾಗಿದ್ದ ಕಾರ್ಡು ಇದ್ದಕ್ಕಿದ್ದಂತೆ ಕೆಟ್ಟಂತೆ ಕಾಣುತ್ತದೆ. ಅಂಥ ಹೊತ್ತಿನಲ್ಲಿ, ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸುವ ಸ್ಕ್ಯಾನ್‌ಡಿಸ್ಕ್ ನಡೆಸುವುದೇ ದೊಡ್ಡ ಅಪಾಯ. ತಪ್ಪು ಲೆಕ್ಕದ ಮೇಲೆ ಅದು ಮಾಡುವ ‘ರಿಪೇರಿ’ ಚೆನ್ನಾಗಿದ್ದ ಕಡತಗಳನ್ನು ನಿಜವಾಗಿಯೂ ಕೆಡಿಸುತ್ತದೆ. ಮೊದಲು ಗಡಿಯಾರ ಸರಿಯಾಗಿದೆಯೇ ನೋಡಿ. ದಿನಾಂಕ ಹಿಂದಕ್ಕೆ ಹೋಗಿದ್ದರೆ ಸೆಲ್ ಬದಲಿಸಿ, ವಿಧಾನ ಸರಿಪಡಿಸಿ, ಆಮೇಲೆ ಡಿಸ್ಕಿನ ಕಡೆ ತಿರುಗಬೇಕು.

ಎರಡನೆಯ ದೊಡ್ಡ ತೊಂದರೆ ಡಿಎಂಎ, ಅಂದರೆ ಪ್ರೊಸೆಸರ್ ಹೊತ್ತು ಸಾಗಿಸದೆ ಡಿಸ್ಕಿಗೂ ರ್‍ಯಾಮಿಗೂ ನಡುವೆ ದತ್ತಾಂಶ ನೇರವಾಗಿ ಸಾಗುವ ವಿಧಾನ. ಡಾಸ್ ಸೊಗಸಾಗಿ ನಡೆಯುತ್ತದೆ, ವಿಂಡೋಸ್ 98 ಸೇಫ್ ಮೋಡ್‌ನಲ್ಲೂ ತೆರೆಯುತ್ತದೆ, ಸಾಮಾನ್ಯ ವಿಧಾನದಲ್ಲಿ ಮಾತ್ರ ಚಿಹ್ನೆಯ ಪರದೆಯಲ್ಲಿ ನಿಲ್ಲುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ನಾನು ನೋಡುವುದು ಅಡಾಪ್ಟರಿನ ಗೆರೆಗಳನ್ನು. ಐಡಿಇ ಕೇಬಲ್ಲಿನಲ್ಲಿ 21ನೆಯ ಮತ್ತು 29ನೆಯ ಪಿನ್ನುಗಳು ಡಿಎಂಎ ಕೋರಿಕೆಗೂ ಅದರ ಒಪ್ಪಿಗೆಗೂ ಮೀಸಲು. ಅನೇಕ ಅಗ್ಗದ ಅಡಾಪ್ಟರುಗಳಲ್ಲಿ ಈ ಎರಡು ಗೆರೆಗಳನ್ನು ಕಾರ್ಡಿಗೆ ಎಳೆದೇ ಇರುವುದಿಲ್ಲ, ಏಕೆಂದರೆ ಮೊದಮೊದಲ ಕಾರ್ಡುಗಳಿಗೆ ಡಿಎಂಎ ಇರಲಿಲ್ಲ. ಹೊಸ ಕಾರ್ಡು ತನಗೆ ಅಲ್ಟ್ರಾ ಡಿಎಂಎ ಬರುತ್ತದೆ ಎಂದು ಹೇಳುತ್ತದೆ, ವಿಂಡೋಸ್ ಅದನ್ನು ನಂಬಿ ಕೋರಿಕೆಗಾಗಿ ಕಾಯುತ್ತದೆ, ತಂತಿಯೇ ಇಲ್ಲದ್ದರಿಂದ ಕೋರಿಕೆ ಎಂದೂ ತಲುಪುವುದಿಲ್ಲ. ಡಾಸ್ ಬಯೋಸಿನ ಮೂಲಕ ಪಿಐಒ (ಪ್ರೊಸೆಸರೇ ದತ್ತಾಂಶ ಸಾಗಿಸುವ) ವಿಧಾನದಲ್ಲಿ ಓದುತ್ತಿದ್ದರೆ ಅದಕ್ಕೆ ಈ ಗೊಡವೆಯೇ ಇಲ್ಲ. ಬಯೋಸಿನಲ್ಲಿ ಆ ಡಿಸ್ಕಿಗೆ ಅಲ್ಟ್ರಾ ಡಿಎಂಎ ನಿಲ್ಲಿಸಿ, ಡಿವೈಸ್ ಮ್ಯಾನೇಜರಿನಲ್ಲಿ ಡಿಎಂಎ ಗುರುತನ್ನು ತೆಗೆದರೆ ಯಂತ್ರ ಎದ್ದೇಳುತ್ತದೆ. ಆದರೆ ಪಿಐಒ 4ರಲ್ಲಿ ಸೆಕೆಂಡಿಗೆ 16.7 ಎಂಬಿಯ ಮಿತಿ ಇದೆ, ಅದೂ ದತ್ತಾಂಶದ ಪ್ರತಿಯೊಂದು ತುಣುಕನ್ನೂ ಪ್ರೊಸೆಸರೇ ಹೊತ್ತು ಸಾಗಿಸಬೇಕು. ಆಟದ ನಡುವಿನ ವಿಡಿಯೊ ತುಣುಕುಗಳು ತಡವರಿಸುತ್ತವೆ. ಆದ್ದರಿಂದ ಆ ಎರಡು ಗೆರೆಗಳಿರುವ ಅಡಾಪ್ಟರನ್ನು ಕೊಳ್ಳುವುದೇ ಸರಿಯಾದ ಪರಿಹಾರ. 440ಬಿಎಕ್ಸ್ ಬೋರ್ಡುಗಳಲ್ಲಿ ಆಗ ಸೆಕೆಂಡಿಗೆ 33 ಎಂಬಿಯ ಅಲ್ಟ್ರಾ ಡಿಎಂಎ ಸಿಗುತ್ತದೆ. ಈ ಕಾಲದ ಆಟಗಳಿಗೆ ಅದು ಬೇಕಾದಷ್ಟಾಯಿತು.

ಅಡಾಪ್ಟರ್ ಬದಲಾಯಿಸಿದರೂ ವಿಂಡೋಸ್ ಆಮೆಗತಿಯಲ್ಲೇ ನಡೆಯಬಹುದು. ಸಿಸ್ಟಮ್ ಪ್ರಾಪರ್ಟೀಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಎಂಎಸ್-ಡಾಸ್ ಕಾಂಪ್ಯಾಟಿಬಿಲಿಟಿ ಮೋಡ್ ಎಂಬ ಮಾತು ಕಂಡರೆ, ಹಿಂದೊಮ್ಮೆ ಡ್ರೈವರ್ ಸೋತದ್ದನ್ನು ವಿಂಡೋಸ್ ಇನ್ನೂ ನೆನಪಿಟ್ಟುಕೊಂಡಿದೆ ಎಂದರ್ಥ. ಐಡಿಇ ಡ್ರೈವರ್ ವಿಫಲವಾದಾಗ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಡುವ ರಿಜಿಸ್ಟ್ರಿಯಲ್ಲಿ, ವಿಎಕ್ಸ್‌ಡಿ ವಿಭಾಗದ ಐಒಎಸ್ ಕೀಲಿಯ ಕೆಳಗೆ, ‘ಎನ್‌ಒಐಡಿಇ’ ಎಂಬ ನಮೂದನ್ನು ಇಡುತ್ತದೆ. ಆ ನಮೂದು ಇರುವವರೆಗೆ ಮುಂದಿನ ಸಲ ಆ ಡ್ರೈವರನ್ನು ಪ್ರಯತ್ನಿಸುವುದೇ ಇಲ್ಲ. ಅದನ್ನು ಅಳಿಸಿ ರೀಬೂಟ್ ಮಾಡಿದರೆ ಯಂತ್ರ ತನ್ನ ನಿಜವಾದ ವೇಗಕ್ಕೆ ಬರುತ್ತದೆ. ಯಂತ್ರಾಂಶ ಸರಿಯಾದ ಮೇಲೂ ತಂತ್ರಾಂಶದಲ್ಲಿ ಉಳಿಯುವ ಇಂಥ ಕಲೆಗಳೇ ಅತ್ಯಂತ ದಾರಿ ತಪ್ಪಿಸುವಂಥವು. ಎಷ್ಟೋ ಜನ ಈ ಹಂತದಲ್ಲಿ ಹೊಸ ಅಡಾಪ್ಟರೂ ಕೆಟ್ಟದ್ದೆಂದು ಬಿಸಾಡುತ್ತಾರೆ.

ವಿಂಡೋಸ್ ಇನ್‌ಸ್ಟಾಲ್ ಆಗುವಾಗ ಕ್ಯಾಬ್ ಕಡತ ಕೆಟ್ಟಿದೆ ಎಂಬ ದೂರು ಬಂದರೆ ಕಾರ್ಡನ್ನು ಅನುಮಾನಿಸುವ ಮುನ್ನ ರ್‍ಯಾಮನ್ನು ಪರೀಕ್ಷಿಸಬೇಕು. ಕ್ಯಾಬ್ ಕಡತಗಳು ಅಡಕವಾಗಿರುವುದರಿಂದ, ಬಿಡಿಸುವಾಗ ಒಂದೇ ಒಂದು ಬಿಟ್ ತಿರುಗಿದರೂ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತದೆ. ಮೆಮ್‌ಟೆಸ್ಟ್86+ ಅನ್ನು ಒಂದು ರಾತ್ರಿ ಓಡಲು ಬಿಟ್ಟರೆ ಅನುಮಾನ ನಿವಾರಣೆಯಾಗುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಇದ್ದ ರ್‍ಯಾಮ್ ಪಟ್ಟಿಗಳ ಅಂಚು ಕಪ್ಪಾಗಿರುವುದುಂಟು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಮತ್ತೆ ಕೂರಿಸಿದರೆ ಎಷ್ಟೋ ದೋಷ ಅಲ್ಲಿಗೇ ಮುಗಿಯುತ್ತದೆ. ಹಾಗೆಯೇ ಸಿಡಿ ಡ್ರೈವಿನ ಲೇಸರ್ ಕೂಡ ಮುದಿಯಾಗಿರುತ್ತದೆ. ನಾನು ವಿಂಡೋಸ್ 98ರ ಸಿಡಿಯಲ್ಲಿರುವ ಫೋಲ್ಡರನ್ನು ಲ್ಯಾಪ್‌ಟಾಪಿನಿಂದ ಕಾರ್ಡಿಗೆ ನಕಲಿಸಿ, ಅಲ್ಲಿಂದಲೇ ಸೆಟಪ್ ನಡೆಸುತ್ತೇನೆ. ಮುಂದೆ ಯಾವ ಡ್ರೈವರ್ ಹಾಕಿದರೂ ಸಿಡಿ ಕೇಳುವ ಕಿರಿಕಿರಿ ತಪ್ಪುತ್ತದೆ.

ನಮ್ಮ ಊರುಗಳಲ್ಲಿ ಹೇಳಲೇಬೇಕಾದದ್ದು ಕರೆಂಟಿನ ಮಾತು. ಫ್ಯಾಟ್ ಫೈಲ್ ಸಿಸ್ಟಮಿಗೆ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಾಖಲೆ, ಇಲ್ಲ. ಕಡತ ಬರೆಯುತ್ತಿರುವಾಗ ಕರೆಂಟ್ ಹೋದರೆ ಕೋಷ್ಟಕ ಒಂದು ಹೇಳುತ್ತದೆ, ಡೈರೆಕ್ಟರಿ ಇನ್ನೊಂದು ಹೇಳುತ್ತದೆ; ಯಾವ ಕಡತಕ್ಕೂ ಸೇರದ ಕ್ಲಸ್ಟರುಗಳೂ (ಸೆಕ್ಟರುಗಳ ಗುಂಪುಗಳೂ), ಎರಡು ಕಡತಗಳಿಗೆ ಸೇರಿದ ಕ್ಲಸ್ಟರುಗಳೂ ಹುಟ್ಟುತ್ತವೆ. ಡಾಸ್‌ನಲ್ಲಿ ಸ್ಮಾರ್ಟ್‌ಡ್ರೈವ್ ಎಂಬ ಡಿಸ್ಕ್ ಕ್ಯಾಶ್ (ಡಿಸ್ಕಿನ ದತ್ತಾಂಶವನ್ನು ತಾತ್ಕಾಲಿಕವಾಗಿ ರ್‍ಯಾಮಿನಲ್ಲಿ ಇಡುವ ವ್ಯವಸ್ಥೆ) ಬಳಸುವವರು ಬರಹವನ್ನು ತಡಮಾಡುವ ಅನುಕೂಲವನ್ನು ನಿಲ್ಲಿಸಿ, ಓದಿಗಷ್ಟೇ ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಚಿಕ್ಕ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು. ಕರೆಂಟ್ ಹೋಗದೆಯೂ ಪ್ರತಿ ಬಾರಿ ಸ್ಕ್ಯಾನ್‌ಡಿಸ್ಕ್ ಬರುತ್ತಿದ್ದರೆ ಕಾರಣ ಬೇರೆ: ವೇಗದ ಯಂತ್ರಗಳಲ್ಲಿ ವಿಂಡೋಸ್ 98 ಶಟ್‌ಡೌನ್ ಆಗುವಾಗ, ಡಿಸ್ಕು ತನ್ನ ಕ್ಯಾಶ್‌ನಲ್ಲಿದ್ದುದನ್ನು ಬರೆದು ಮುಗಿಸುವ ಮುನ್ನವೇ ವಿದ್ಯುತ್ತನ್ನು ಕಡಿದುಬಿಡಬಲ್ಲದು. ಶಟ್‌ಡೌನನ್ನು ಸ್ವಲ್ಪ ತಡೆಹಿಡಿಯುವ ಐಡಿಇ ಹಾರ್ಡ್ ಡ್ರೈವ್ ಕ್ಯಾಶ್ ಪ್ಯಾಕೇಜ್ ಎಂಬ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿತ್ತು. ನನ್ನ ಯಂತ್ರದಲ್ಲಿ ಹೊಸದಾಗಿ ವಿಂಡೋಸ್ ಹಾಕಿದಾಗಲೆಲ್ಲ ಅದಕ್ಕೇ ಮೊದಲ ಸ್ಥಾನ.

ಡಿಸ್ಕಿನ ಪದರಗಳೆಲ್ಲ ಸರಿಯಾದ ಮೇಲೆ ಉಳಿಯುವ ದೋಷಗಳನ್ನು ತಂತ್ರಾಂಶದ ಲೆಕ್ಕಕ್ಕೆ ಧೈರ್ಯವಾಗಿ ಬರೆಯಬಹುದು, ಮತ್ತು ಅವು ತಮ್ಮ ಕಾರಣವನ್ನು ಬೇಗ ಬಿಟ್ಟುಕೊಡುತ್ತವೆ. ‘ರನ್‌ಟೈಮ್ ಎರರ್ 200’ ಅದಕ್ಕೆ ಒಳ್ಳೆಯ ಉದಾಹರಣೆ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಚಿಕ್ಕ ಆಟಗಳು ಶುರುವಾದೊಡನೆ ಗಡಿಯಾರದ ಒಂದು ಮಿಡಿತದಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ, ಪ್ರೊಸೆಸರ್ ಎಷ್ಟು ಸುತ್ತು ಎಣಿಸುತ್ತದೆ ಎಂದು ನೋಡಿ, ಅದನ್ನು 55ರಿಂದ ಭಾಗಿಸುತ್ತವೆ. ಪ್ರೊಸೆಸರ್ ವೇಗವಾದಷ್ಟೂ ಭಾಗಲಬ್ಧ ದೊಡ್ಡದಾಗಿ, 16 ಬಿಟ್‌ಗಳಲ್ಲಿ ಹಿಡಿಸದೆ ಹೋಗುತ್ತದೆ. ಸೊನ್ನೆಯಿಂದ ಭಾಗಿಸಲಾಗಿದೆ ಎಂದು ಪರದೆ ಹೇಳಿದರೂ ಅಲ್ಲಿ ಸೊನ್ನೆ ಎಲ್ಲೂ ಇಲ್ಲ. ಆಟದ ಕಡತವನ್ನು ತಿದ್ದುವ ಪ್ಯಾಚ್‌ಗಳಿವೆ. ಬಯೋಸಿನಲ್ಲಿ ಕ್ಯಾಶ್ ನಿಲ್ಲಿಸಿ ಪ್ರೊಸೆಸರನ್ನು ನಿಧಾನಗೊಳಿಸುವುದು ಇನ್ನೊಂದು ದಾರಿ. 1990ರ ವಿಂಗ್ ಕಮಾಂಡರ್‌ನಂತಹ, ಪ್ರೊಸೆಸರಿನ ವೇಗಕ್ಕೇ ಕಟ್ಟುಬಿದ್ದ ಆಟಗಳಿಗೂ ಕ್ಯಾಶ್ ನಿಲ್ಲಿಸುವ ಉಪಾಯ ಒದಗುತ್ತದೆ.

512 ಎಂಬಿ ಅಥವಾ ಅದಕ್ಕಿಂತ ಹೆಚ್ಚು ರ್‍ಯಾಮ್ ಹಾಕಿದರೆ ವಿಂಡೋಸ್ 98 ನೆನಪು ಸಾಲದು ಎಂದು ದೂರುವುದೂ ಇಂಥದೇ ವೈಚಿತ್ರ್ಯ. ಡಿಸ್ಕ್ ಕ್ಯಾಶ್ ತನ್ನ ಗಾತ್ರವನ್ನು ರ್‍ಯಾಮಿಗೆ ತಕ್ಕಂತೆ ಹಿಗ್ಗಿಸಿಕೊಂಡು, ವಿಳಾಸಗಳ ಜಾಗವನ್ನೆಲ್ಲ ನುಂಗುತ್ತದೆ. ಸಿಸ್ಟಮ್.ಐಎನ್‌ಐ ಕಡತದ ವಿಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಎಂಬ ಸಾಲು ಸೇರಿಸಿ ಮಿತಿ ಹಾಕಬಹುದು. 256 ಎಂಬಿಗೇ ನಿಂತರೆ ಆ ಸಾಲಿನ ಅಗತ್ಯವೇ ಬೀಳುವುದಿಲ್ಲ. ನಾನು ಅದನ್ನೇ ಆರಿಸಿಕೊಂಡೆ. ಅದೇ ಕಡತದ 386ಎನ್‌ಹ್ ವಿಭಾಗದಲ್ಲಿ ಕನ್ಸರ್ವೇಟಿವ್‌ಸ್ವಾಪ್‌ಫೈಲ್‌ಯೂಸೇಜ್=1 ಎಂದು ಬರೆದರೆ ಸ್ವಾಪ್ ಕಡತಕ್ಕೆ (ರ್‍ಯಾಮಿನ ಬದಲು ಡಿಸ್ಕಿನಲ್ಲಿ ಬಳಸುವ ಕಡತಕ್ಕೆ) ಪದೇಪದೇ ಬರೆಯುವುದು ಕಡಿಮೆಯಾಗುತ್ತದೆ. ಅಗ್ಗದ ಫ್ಲ್ಯಾಶ್ ಕಾರ್ಡುಗಳು ಚೂರುಪಾರು ಬರಹಗಳಲ್ಲಿ ತೀರಾ ಹಿಂದೆ ಬೀಳುತ್ತವಾದ್ದರಿಂದ, ಆಟದ ನಡುವೆ ಕ್ಷಣಕಾಲ ಪರದೆ ಹೆಪ್ಪುಗಟ್ಟುವ ತೊಂದರೆ ಇದರಿಂದ ಬಹಳ ಇಳಿಯಿತು.

ಇಷ್ಟೆಲ್ಲ ಸರಿಮಾಡಿದ ಕಾರ್ಡಿನ ಪೂರ್ಣ ಪ್ರತಿಯನ್ನು ಲಿನಕ್ಸ್‌ನ ಡಿಡಿ ಆಜ್ಞೆಯಿಂದ ಇಮೇಜ್ ಕಡತವಾಗಿ ತೆಗೆದಿಟ್ಟಿದ್ದೇನೆ. 32 ಜಿಬಿ ಎಂದು ಬರೆದುಕೊಂಡ ಎರಡು ಬೇರೆ ಕಂಪನಿಗಳ ಕಾರ್ಡುಗಳಲ್ಲಿ ಸೆಕ್ಟರುಗಳ ಸಂಖ್ಯೆ ಒಂದೇ ಆಗಿರಬೇಕೆಂದಿಲ್ಲ; ಚಿಕ್ಕ ಕಾರ್ಡಿಗೆ ದೊಡ್ಡ ಕಾರ್ಡಿನ ಇಮೇಜ್ ಹಿಡಿಸುವುದಿಲ್ಲ. ಅದಕ್ಕಾಗಿ ಪಾರ್ಟಿಷನ್ ಮಾಡುವಾಗಲೇ ಕೊನೆಯಲ್ಲಿ ಸುಮಾರು 1 ಜಿಬಿ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಹೊಸ ಕಾರ್ಡು ಬೇರೆ ಹೆಡ್ಡುಗಳ ಸಂಖ್ಯೆಯನ್ನು ಹೇಳಿಕೊಂಡರೆ ನಕಲು ನಿಖರವಾಗಿದ್ದರೂ ಬೂಟ್ ಆಗದಿರಬಹುದು. ಆಗ ಆ ಕಾರ್ಡನ್ನು ಇದೇ ಯಂತ್ರದಲ್ಲಿ ಹೊಸದಾಗಿ ಪಾರ್ಟಿಷನ್ ಮಾಡಿ, ಇಮೇಜಿನೊಳಗಿನ ಕಡತಗಳನ್ನು ಲ್ಯಾಪ್‌ಟಾಪಿನಿಂದ ತುಂಬಿದರೆ ಸಾಕಾಗುತ್ತದೆ.